ಕಾಳಿನ ಷರತ್ತು ಎಲ್ಲಿ?

ಪ್ರಿಯರೇ,

'ಬಹುಮಾನದಿಂದ ಹೊಸತನ ಬರುತ್ತದೆಯೇ?' ಲೇಖನ ತಲುಪಿತು. ವಿಷಯ ಚೆನ್ನಾಗಿದೆ, ಅಕ್ಷರ ತಪ್ಪೂ ಕಡಿಮೆ. ಆದರೆ ಎರಡನೇ ಪುಟ ಓದಿ ನನಗೆ ನಿಜಕ್ಕೂ ಸಿಟ್ಟು ಬಂತು.

"1985ರಲ್ಲಿ ಪೇಜ್ ಮತ್ತು ನ್ಯೂರಿಂಗರ್ ವಿಶೇಷ ವಿಧಾನದಿಂದ ಪಾರಿವಾಳಗಳಿಗೆ ವೈವಿಧ್ಯ ಕಲಿಸಿದರು." ಆ ಇಬ್ಬರು ಮನೋವಿಜ್ಞಾನಿಗಳ ವಿಧಾನವೇ ಕಥೆ ಅಲ್ವಾ! ಎಡಕ್ಕೊಂದು, ಬಲಕ್ಕೊಂದು ಒತ್ತುವ ಗುಂಡಿ. ಹಕ್ಕಿ 8 ಸಲ ಕುಕ್ಕಬೇಕು. ಹೀಗೆ ಎಡ-ಬಲಗಳ 256 ಬಗೆಯ ಸಾಲು ಸಾಧ್ಯ. ಈಗಿನ ಸಾಲು ಹಿಂದಿನ ಕೆಲವು ಸಾಲುಗಳಲ್ಲಿ ಯಾವುದಾದರೂ ಒಂದರ ಹಾಗಿದ್ದರೆ ಕಾಳಿಲ್ಲ. ಆ 'ಕೆಲವ'ನ್ನು ಅವರು 50ರವರೆಗೆ ಏರಿಸಿದರು. ಹಕ್ಕಿಗಳು ಆಗಲೂ ಗೆದ್ದವು.

"ಕಾಳು ಸಿಕ್ಕ ಉತ್ಸಾಹದಲ್ಲಿ ಹೊಸದಾಗಿ ಕುಕ್ಕತೊಡಗಿದವು." ಉತ್ಸಾಹ ಅಲ್ಲ ಮಾರಾಯ್ರೇ. ಕಾಳು ಅಷ್ಟೇ ಸಲ ಕೊಟ್ಟು, ಬದಲಾಗಲೇಬೇಕು ಅನ್ನುವ ಷರತ್ತು ತೆಗೆದೂ ನೋಡಿದರು. ವೈವಿಧ್ಯ ಕುಸಿಯಿತು. ಇದನ್ನು ನೀವು ಬಿಟ್ಟೇಬಿಟ್ಟಿದ್ದೀರಿ. ನಮ್ಮಲ್ಲಿ ಮಾರ್ಚಿನ ಮಳೆ ಕಾಫಿ ಹೂ ಅರಳಿಸುತ್ತದೆ, ಡಿಸೆಂಬರಿನ ಮಳೆ ಕಣದಲ್ಲಿ ಒಣಗಲು ಹಾಕಿದ ಕಾಫಿ ಕೆಡಿಸುತ್ತದೆ. ಸುಮ್ನೆ 'ಮಳೆ ಬಂತು' ಅಂದರೆ ಏನು ತಿಳಿಯುತ್ತದೆ?

"ಶ್ವಾರ್ಟ್ಜ್ ಇದನ್ನು ಒಪ್ಪಲಿಲ್ಲ." ಆ ಮನೋವಿಜ್ಞಾನಿಯ ಪಾರಿವಾಳ ಪ್ರಯೋಗ ನಡೆದದ್ದು ಪೇಜ್ ಮತ್ತು ನ್ಯೂರಿಂಗರ್ ಅವರದ್ದಕ್ಕಿಂತ ಮೊದಲು! ಅಲ್ಲಿ ಒಂದೇ ಗುಂಡಿಗೆ ಐದನೇ ಸಲ ಕುಕ್ಕಿದರೆ ಆ ಸುತ್ತು ಮುಗಿಯಿತು, ಕಾಳಿಲ್ಲ. ಸಾಲು ಎಷ್ಟೇ ಹೊಸದಾಗಿದ್ದರೂ ಅಷ್ಟೇ. ಹಾಗಾಗಿ ಬಹುಮಾನಕ್ಕೆ ವೈವಿಧ್ಯ ಬಗ್ಗದು ಅಂತ ಕಂಡಿತು. ಪೇಜ್ ಮತ್ತು ನ್ಯೂರಿಂಗರ್ ತೆಗೆದದ್ದು ಈ ನಿಯಮವನ್ನೇ.

ನಾನು ಇಷ್ಟು ಹಟ ಹಿಡಿಯಲು ಕಾರಣವಿದೆ. ಮಡಿಕೇರಿಯ ಒಂದು ಚಿಕ್ಕ ಪತ್ರಿಕೆಯಲ್ಲಿ ಕೆಲಸ ಕಲಿಯುತ್ತಿದ್ದೆ. ನನ್ನ ಮೊದಲ ಬರಹ ರಾಜಾಸೀಟಿನ ಮಂಜಿನಿಂದ ಶುರುವಾಗಿತ್ತು. ಸಂಪಾದಕರು "ಒಳ್ಳೇದುಂಟು" ಅಂದರು. ಅಷ್ಟು ಸಾಕಾಯಿತು. ಮುಂದೆ ಕರಿಮೆಣಸಿನ ದರದ ಸುದ್ದಿಗೂ ಮಂಜು ಕವಿಯಿತು. ಒಂದು ದಿನ ಅವರು ಹಾಳೆ ತಿರುಗಿಸಿ ಕೊಟ್ಟರು. "ನಿನ್ನ ಹಿಂದಿನ ಹತ್ತು ಬರಹ ತೆಗೆದು ನೋಡು. ಯಾವುದರ ಹಾಗೂ ಶುರುವಾಗದ್ದು ತಂದರೆ ಓದ್ತೇನೆ." ಬಸ್ಸಿನಿಂದ ಶುರು ಮಾಡಿದೆ, ಸಂತೆಯಿಂದ ಶುರು ಮಾಡಿದೆ. ಮತ್ತೆ ಬಸ್ಸಿಗೆ ಬಂದೆ. ಓದದೆ ಪಕ್ಕಕ್ಕಿಟ್ಟರು. ಕೊನೆಗೆ ನೋಟ್‌ಬುಕ್ಕಿನ ಹಿಂದೆ ಮೊದಲ ಸಾಲುಗಳ ಪಟ್ಟಿಯನ್ನೇ ಇಟ್ಟುಕೊಂಡೆ. (ಪಾರಿವಾಳಗಳಿಗೆ ಆ ಕಷ್ಟ ಇರಲಿಲ್ಲ. ಅವು ಹೆಚ್ಚುಕಡಿಮೆ ನಾಣ್ಯ ಚಿಮ್ಮಿದ ಹಾಗೆ ಕುಕ್ಕುತ್ತಿದ್ದವು ಅಂತ ನ್ಯೂರಿಂಗರ್ ವಾದ.)

ಆ ಹಿರಿಯರು ಪೇಜ್ ಹೆಸರು ಕೇಳಿದವರಲ್ಲ. ಹೊಗಳಿಕೆಯೂ ಜಾಸ್ತಿ ಮಾಡಲಿಲ್ಲ. ಅದು ಯಾವುದಕ್ಕೆ ಅನ್ನುವುದನ್ನು ಬದಲಿಸಿದರು, ಅಷ್ಟೇ.

ನಿಮ್ಮ ಲೇಖನದ ಡಾಲ್ಫಿನ್ ಭಾಗ ಹಾಗೇ ಇರಲಿ. ಎರಡನೇ ಪುಟ ಪೂರ್ತಿ ಹೊಸದಾಗಿ ಬರೆದು ಮುಂದಿನ ವಾರದೊಳಗೆ ಕಳಿಸಿ. ಮೊದಲ ಸಾಲನ್ನೂ ಬದಲಿಸಿ. ನಿಮ್ಮದೂ ಮಂಜಿನಿಂದಲೇ ಶುರುವಾಗಿದೆ.