ಅಪ್ಪ ಅಮ್ಮನ ಜೊತೆ ಮುಂಬೈ ಎರಡು ದಿನ: ಮೊದಲು ವಾರ ನೋಡಿ, ಆಮೇಲೆ ಮ್ಯಾಪ್ ನೋಡಿ

ಸರ್, ನೀವು ಇಲ್ಲಿ ಹಾಕಿರೋ ಮುಂಬೈ ಪ್ಲಾನ್ ಓದಿ ಸುಮ್ನಿರಕ್ಕಾಗ್ಲಿಲ್ಲ, ಬೇಜಾರ್ ಮಾಡ್ಕೋಬೇಡಿ. ಹುಬ್ಬಳ್ಳಿ–ದಾದರ್ ಎಕ್ಸ್‌ಪ್ರೆಸ್ಸಲ್ಲಿ ಸೋಮವಾರ ಬೆಳಗಿನ ಜಾವ ಇಳಿಯೋದು, ನವಿ ಮುಂಬೈನ ವಾಶಿಲಿ ರೂಮು, ಸೋಮವಾರ ಎಲಿಫೆಂಟಾ ದ್ವೀಪದ ಗುಹೆ, ಮಂಗಳವಾರ ಸಿದ್ಧಿವಿನಾಯಕ ದೇವಸ್ಥಾನ, ಎಲ್ಲಾ ಕಡೆ ಕ್ಯಾಬು, ಜೊತೆಗೆ 70 ದಾಟಿದ ತಂದೆ ತಾಯಿ. ಸೋಮವಾರ ಎಲಿಫೆಂಟಾ ಗುಹೆಗೆ ರಜಾ ಸರ್! ಇನ್ನು ಮಂಗಳವಾರ ಗಣಪತಿ ವಾರ, ಅರ್ಧ ಮುಂಬೈ ಆ ದೇವಸ್ಥಾನ ಇರೋ ಪ್ರಭಾದೇವಿಯಲ್ಲೇ ಇರುತ್ತೆ. ಎರಡನ್ನೂ ಸರಿಯಾಗಿ ಉಲ್ಟಾ ಹಾಕಿದೀರ. ನಾವೂ ಸೋಮವಾರವೇ ಬೋಟ್ ಹೊರಡೋ ಗೇಟ್‌ವೇ ಮುಂದೆ ಹೋಗಿ ನಿಂತಿದ್ದೋರು, ಅದಕ್ಕೇ ಇಷ್ಟುದ್ದ ಬರೀತಿರೋದು.

ಅದಲು ಬದಲು ಮಾಡಿ, ಅರ್ಧ ಸಮಸ್ಯೆ ಅಲ್ಲೇ ಮುಗೀತು. ಸೋಮವಾರ ಸಿದ್ಧಿವಿನಾಯಕ, ಮ್ಯೂಸಿಯಂ, ಮರೀನ್ ಡ್ರೈವ್. ಮಂಗಳವಾರ ಬೆಳಗ್ಗೆ ಮೊದಲ ಬೋಟಿಗೆ ಎಲಿಫೆಂಟಾ. ಮ್ಯೂಸಿಯಂ ಅಂದ್ರೆ ಹಳೇ ಪ್ರಿನ್ಸ್ ಆಫ್ ವೇಲ್ಸ್, ಈಗ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯ, ಅದು ಸೋಮವಾರನೂ ತೆಗ್ದಿರುತ್ತೆ, ಎಲ್ಲಾ ಸರ್ಕಾರಿ ಮ್ಯೂಸಿಯಂ ಥರ ಅಲ್ಲ. ಕಾಮೆಂಟಲ್ಲಿ ಯಾರೋ ಕಾನ್ಹೇರಿ ಗುಹೆ ಸೇರಿಸಿ ಅಂದಿದಾರೆ, ಅದೂ ಬೋರಿವಲಿ ನ್ಯಾಷನಲ್ ಪಾರ್ಕೂ ಸೋಮವಾರ ಬಂದ್. ಬೈಕಲಾದ ಝೂ, ರಾಣಿ ಬಾಗ್, ಅದಕ್ಕೆ ಬುಧವಾರ ರಜಾ. ಈ ಊರಲ್ಲಿ ಯಾವುದು ಯಾವ ಏರಿಯಾದಲ್ಲಿದೆ ಅನ್ನೋದಕ್ಕಿಂತ ಯಾವತ್ತು, ಎಷ್ಟು ಹೊತ್ತಿಗೆ ಅನ್ನೋದೇ ಮುಖ್ಯ, ಯೂಟ್ಯೂಬ್ ಪ್ಲಾನ್‌ಗಳಲ್ಲಿ ಇದನ್ನ ಒಬ್ರೂ ಹೇಳಲ್ಲ.

ಈಗ ವಾಶಿ ರೂಮು. ದಯವಿಟ್ಟು ಕ್ಯಾನ್ಸಲ್ ಮಾಡಿ. ಸಾವಿರ ರೂಪಾಯಿ ಕಮ್ಮಿ ಇದೆ ಅಂತ ಬುಕ್ ಮಾಡಿದೀರ, ಆದ್ರೆ ನಿಮ್ಮ ಟ್ರೇನ್ ಇಳಿಸೋದು ದಾದರ್‌ನಲ್ಲಿ, ದಾದರ್‌ನಿಂದ ವಾಶಿಗೆ ನೇರ ಲೋಕಲ್ ಟ್ರೇನ್ ಇಲ್ಲ. ಕುರ್ಲಾಗೆ ಹೋಗಿ, ಲಗೇಜ್ ಎತ್ಕೊಂಡು ಬ್ರಿಡ್ಜ್ ಹತ್ತಿ ಇಳಿದು ಹಾರ್ಬರ್ ಲೈನ್ ಹಿಡೀಬೇಕು. ಕ್ಯಾಬಲ್ಲಿ ಹೋಗ್ತೀವಿ ಅಂತೀರಾ, ಹೋಗಿ, ಮತ್ತೆ ಎಂಟೂವರೆಗೆ ವಾಪಸ್ ಸೌತ್ ಮುಂಬೈ ಕಡೆ ಹೊರಟ್ರೆ ಆಫೀಸ್ ಜನ ಎಲ್ಲಾ ನಿಮ್ಮ ಜೊತೆನೇ. ಉಳಿಸಿದ ದುಡ್ಡು ಎರಡು ಕ್ಯಾಬಿಗೆ ಸಮ ಆಯ್ತು, ತಂದೆಯವರ ಮಂಡಿ ನೋವು ಬೋನಸ್ಸು. ದಾದರ್ ಅಥವಾ ಮಾಟುಂಗಾ ಕಡೆ ನೋಡಿ. ದಾದರ್‌ನಲ್ಲಿ ವೆಸ್ಟರ್ನ್ ಲೈನೂ ಇದೆ, ಸೆಂಟ್ರಲ್ಲೂ ಇದೆ, ಈಗ ಮೆಟ್ರೋನೂ ಇದೆ. ರೂಮು ಚಿಕ್ಕದಿರುತ್ತೆ, ಗೋಡೆಗೆ ಮಂಚ ತಾಗ್ಕೊಂಡಿರುತ್ತೆ, ಅದಕ್ಕೆ ರೆಡಿ ಇರಿ. ಚೆಕ್‌ಇನ್ 12 ಗಂಟೆಗೇ ಅಂತ ಹಟ ಮಾಡಿದ್ರೆ ಸ್ಟೇಷನ್ ಕ್ಲೋಕ್‌ರೂಮಲ್ಲಿ ಲಗೇಜ್ ಇಡಿ, ಆದ್ರೆ ಬೀಗ ಹಾಕದ ಬ್ಯಾಗ್ ತಗೊಳ್ಳಲ್ಲ. ಆ ಜಿಪ್ ಬ್ಯಾಗಿಗೆ ಹಾಕೋ ಚಿಕ್ಕ ಬೀಗ ಊರಲ್ಲೇ ತಗೊಂಡು ಹೋಗಿ, ಸ್ಟೇಷನ್ ಹೊರಗಡೆ ಸಿಗೋದು ಎರಡನೇ ಸಲ ತೆಗೆಯೋಷ್ಟರಲ್ಲಿ ಕೈಗೇ ಬರುತ್ತೆ.

ಸಿದ್ಧಿವಿನಾಯಕಕ್ಕೆ ದಾದರ್‌ನಿಂದ ಕಾಲೀಪೀಲಿ, ಅಂದ್ರೆ ಕಪ್ಪು ಹಳದಿ ಟ್ಯಾಕ್ಸಿ ಹಿಡೀರಿ, ಮೀಟರ್ 31 ರೂಪಾಯಿಂದ ಶುರು. ಆಟೋ ಹುಡುಕ್ತಾ ನಿಲ್ಬೇಡಿ, ಬಾಂದ್ರಾ, ಸಯನ್ ದಾಟಿ ಈಚೆಗೆ ಆಟೋ ಬರಂಗೇ ಇಲ್ಲ. ಬೆಳಗ್ಗೆ ಏಳು ಗಂಟೆ ಒಳಗೆ ಹೋದ್ರೆ ಆರಾಮ. ಸೋಮವಾರನೇ ಆದ್ರೂ ಸಂಕಷ್ಟಿ ಬಂದಿದ್ಯಾ ಅಂತ ಕ್ಯಾಲೆಂಡರ್ ನೋಡ್ಕೊಳ್ಳಿ. 2025ರಿಂದ ಡ್ರೆಸ್ ಕೋಡ್ ಬೇರೆ ಬಂದಿದೆ, ಮಗನಿಗೆ ಆ ಮಂಡಿ ಹರಿದ ಜೀನ್ಸ್ ಬೇಡ ಅಂತ ಹೇಳಿ. ದೇವಸ್ಥಾನದಿಂದ ಮುಂದಕ್ಕೆ ಕ್ಯಾಬ್ ಬುಕ್ ಮಾಡ್ಬೇಡಿ, ಅಲ್ಲೇ ಸಿದ್ಧಿವಿನಾಯಕ ಅಂತಲೇ ಮೆಟ್ರೋ ಸ್ಟೇಷನ್ ಇದೆ. ಆಕ್ವಾ ಲೈನ್, ಮೂರನೇ ಲೈನು, 2025ರ ಅಕ್ಟೋಬರ್‌ನಲ್ಲಿ ಕಫ್ ಪರೇಡ್ ತನಕ ಪೂರ್ತಿ ಓಪನ್ ಆಯ್ತು, 33 ಕಿಲೋಮೀಟರ್ ಚಿಲ್ಲರೆ, ಹೆಚ್ಚುಕಮ್ಮಿ ಎಲ್ಲಾ ನೆಲದಡಿ. ಲಿಫ್ಟ್ ಇದೆ, ಏಸಿ ಇದೆ, ಹುತಾತ್ಮ ಚೌಕದಲ್ಲಿ ಇಳಿದ್ರೆ ಮ್ಯೂಸಿಯಂ ನಡೆಯೋ ದೂರ. ವಯಸ್ಸಾದೋರ ಜೊತೆ ಹೋಗೋರಿಗೆ ಇದೊಂದು ದೊಡ್ಡ ಉಪಕಾರ. ಒಳಗೆ ಇಳಿದ್ಮೇಲೆ ಮೊಬೈಲ್ ನೆಟ್‌ವರ್ಕ್ ಕೈ ಕೊಡುತ್ತೆ, ಟಿಕೆಟ್ ಮೇಲಿರುವಾಗಲೇ ತೆಗೆದು ಸ್ಕ್ರೀನ್‌ಶಾಟ್ ಇಟ್ಕೊಳ್ಳಿ.

ಲೋಕಲ್ ಬೇಡವೇ ಬೇಡ, ಭಯ ಅಂದಿದೀರ. ಇಲ್ಲೇ ನನ್ನ ಜಗಳ. ಮುಂಬೈಗೆ ಹೋಗಿ ಲೋಕಲ್ ಹತ್ತದೆ ಬಂದ್ರೆ ಏನು ನೋಡಿದ ಹಾಗಾಯ್ತು? ಟೈಮ್ ನೋಡಿ ಹತ್ತಿ ಅಷ್ಟೇ. ಬೆಳಗ್ಗೆ ಎಂಟರಿಂದ ಹನ್ನೊಂದು ಜನ ಎಲ್ಲಾ ಚರ್ಚ್‌ಗೇಟ್, ಸಿಎಸ್ಎಂಟಿ (ಹಳೇ ವಿಟಿ ಸ್ಟೇಷನ್) ಕಡೆಗೆ ಹೋಗ್ತಾರೆ, ಸಂಜೆ ಐದೂವರೆಯಿಂದ ಒಂಬತ್ತು ಅಲ್ಲಿಂದ ವಾಪಸ್. ನೀವು ಹನ್ನೊಂದರಿಂದ ನಾಲ್ಕರ ಒಳಗೆ ಹತ್ತಿ, ಕಿಟಕಿ ಸೀಟೇ ಸಿಗಬಹುದು. ಫಸ್ಟ್ ಕ್ಲಾಸ್ ತಗೊಂಡ್ರೆ ಖಾಲಿ ಇರುತ್ತೆ ಅಂತ ಒಬ್ರು ಬರೆದಿದಾರಲ್ಲ, ರಶ್ ಟೈಮಲ್ಲಿ ಅಲ್ಲೂ ನಿಲ್ಲೋದೇ, ಮೆತ್ತನೆ ಸೀಟ್ ಪಕ್ಕದಲ್ಲಿ ನಿಲ್ತೀರ ಅಷ್ಟೇ ವ್ಯತ್ಯಾಸ. ಏಸಿ ಲೋಕಲ್ ಸಿಕ್ರೆ ಅದು ಒಳ್ಳೇದು, ಬಾಗಿಲು ಮುಚ್ಕೊಳ್ಳುತ್ತೆ, ಯಾರೂ ಹೊರಗೆ ನೇತಾಡಲ್ಲ, ಟಿಕೆಟ್ ಮಾತ್ರ ಬೇರೆ ತಗೋಬೇಕು.

ಬೋರ್ಡ್ ಓದೋದು ಹೇಗೆ ಅಂದ್ರೆ, ಮೊದಲು ಎಲ್ಲಿಗೆ ಹೋಗುತ್ತೆ ಅನ್ನೋದರ ಅಕ್ಷರ, ಆಮೇಲೆ ಎಫ್ ಅಥವಾ ಎಸ್, ಫಾಸ್ಟ್ ಸ್ಲೋ ಅಂತ, ಜೊತೆಗೆ 12 ಅಥವಾ 15, ಅದು ಡಬ್ಬಿ ಲೆಕ್ಕ. ಫಾಸ್ಟ್ ಎಲ್ಲಾ ಸ್ಟೇಷನ್‌ಗೂ ನಿಲ್ಲಲ್ಲ. ಮತ್ತೆ ಚರ್ಚ್‌ಗೇಟ್‌ನಿಂದ ದಾದರ್‌ಗೆ ಬರೋವಾಗ ಸಂಜೆ ವಿರಾರ್ ಫಾಸ್ಟ್ ಮಾತ್ರ ಹತ್ತಬೇಡಿ, ದಾದರ್‌ಗೆ ನಿಲ್ಲುತ್ತೆ, ಆದ್ರೆ ವಿರಾರ್ ಜನ ನಿಮ್ಮನ್ನ ಇಳಿಯಕ್ಕೆ ಬಿಡಲ್ಲ, ಬೈಗುಳ ಬೇರೆ. ಸ್ಲೋ ಹತ್ತಿ. ಚರ್ಚ್‌ಗೇಟ್ ಕೊನೇ ಸ್ಟೇಷನ್, ಖಾಲಿ ಟ್ರೇನ್ ಸಿಗುತ್ತೆ ಅಂತಾನೂ ನಂಬ್ಬೇಡಿ, ಟ್ರೇನ್ ಇನ್ನೂ ನಿಂತಿರಲ್ಲ, ಆಗಲೇ ಜನ ಒಳಗೆ ಹಾರಿ ಕರ್ಚೀಫ್ ಹಾಕಿರ್ತಾರೆ. ಇಳಿಯೋದಕ್ಕೂ ಒಂದು ಕ್ರಮ ಇದೆ: ಹಿಂದಿನ ಸ್ಟೇಷನ್ ಬಿಟ್ಟ ತಕ್ಷಣ ಎದ್ದು ಬಾಗಿಲ ಕಡೆ ಸಾಲಲ್ಲಿ ಸೇರ್ಕೊಳ್ಳಿ, ಮುಂದಿನವರ ಭುಜ ಮುಟ್ಟಿ "ದಾದರ್ ಉತರೇಗಾ ಕ್ಯಾ?", ದಾದರ್‌ಗೆ ಇಳೀತೀರಾ ಅಂತ ಕೇಳಿ. ಹೂಂ ಅಂದ್ರೆ ಅವರ ಬೆನ್ನ ಹಿಂದೆ ಅಂಟ್ಕೊಳ್ಳಿ, ಇಲ್ಲ ಅಂದ್ರೆ ಅವರೇ ಸರಿದು ಜಾಗ ಬಿಡ್ತಾರೆ. ಸ್ಟೇಷನ್ ಬಂದ್ಮೇಲೆ ಎದ್ರೆ ಮುಗೀತು, ಹತ್ತೋರ ಅಲೆ ನಿಮ್ಮನ್ನ ಒಳಗೇ ತಳ್ಳುತ್ತೆ. ಬ್ಯಾಕ್‌ಪ್ಯಾಕ್ ಎದೆ ಮೇಲೆ ಹಾಕ್ಕೊಳ್ಳಿ. ಅಮ್ಮನ್ನ ಒಬ್ರನ್ನೇ ಲೇಡೀಸ್ ಡಬ್ಬಿಗೆ ಹತ್ತಿಸ್ಬೇಡಿ, ನಿಮ್ಮ ಮನೆಯವರನ್ನ ಜೊತೆ ಮಾಡಿ, ಯಾವ ಸ್ಟೇಷನ್, ಅದರ ಹಿಂದಿನದು ಯಾವುದು ಅಂತ ಮೊದಲೇ ಚೀಟಿಲಿ ಬರೆದುಕೊಡಿ.

ಟಿಕೆಟಿಗೆ ರೈಲ್ವೆ ಆಪ್ ಇದೆ, ಆದ್ರೆ ಪ್ಲಾಟ್‌ಫಾರ್ಮ್ ಮೇಲೆ ನಿಂತು ಬುಕ್ ಮಾಡಕ್ಕೆ ಹೋದ್ರೆ ಬಿಡಲ್ಲ, ಸ್ಟೇಷನ್‌ಗೆ ಬರೋ ಮುಂಚೆನೇ ಮಾಡಿ. ಟೈಮ್ ನೋಡಕ್ಕೆ ಎಂ-ಇಂಡಿಕೇಟರ್ ಆಪ್ ಹಾಕ್ಕೊಳ್ಳಿ, ಗೂಗಲ್ ಮ್ಯಾಪ್ ಲೋಕಲ್ ವಿಷಯದಲ್ಲಿ ನನಗೆ ಅಷ್ಟಕ್ಕಷ್ಟೇ. ಹಳೇ ಬ್ಲಾಗ್ ಓದ್ಕೊಂಡು ದಾದರ್‌ನಲ್ಲಿ "ಸೆಂಟ್ರಲ್ ಒಂದನೇ ಪ್ಲಾಟ್‌ಫಾರ್ಮ್" ಹುಡುಕ್ಬೇಡಿ, 2023ರ ಡಿಸೆಂಬರ್‌ನಲ್ಲಿ ನಂಬರ್ ಬದಲಾಯ್ತು, ಈಗ 1ರಿಂದ 14 ತನಕ ಒಂದೇ ಸಾಲು, ಸೆಂಟ್ರಲ್ ಶುರುವಾಗೋದೇ 8ರಿಂದ. ಮುಂದಿನ ಸಲ ಭಾನುವಾರ ಹೋಗೋರು ಮೆಗಾ ಬ್ಲಾಕ್, ಅಂದ್ರೆ ಹಳಿ ರಿಪೇರಿಗೆ ಅಂತ ಲೋಕಲ್ ನಿಲ್ಲಿಸೋದು, ಇದ್ಯಾ ನೋಡಿ ಹೊರಡಿ.

ಎಲಿಫೆಂಟಾ ಬಗ್ಗೆ. ಗೇಟ್‌ವೇಯಿಂದ ಬೆಳಗ್ಗೆ ಒಂಬತ್ತರ ಸುಮಾರಿಗೆ ಬೋಟ್ ಶುರು, ಹೋಗಕ್ಕೆ ಒಂದು ಗಂಟೆ. ಟಿಕೆಟ್ ಕೌಂಟರಲ್ಲೇ ತಗೊಳ್ಳಿ, ಫೋಟೋ ಆಲ್ಬಮ್ ಹಿಡ್ಕೊಂಡು ಹಿಂದೆ ಬೀಳೋರ ಹತ್ರ ಮಾತೇ ಬೇಡ, ವಾಪಸ್ ಬರೋ ತನಕ ಆ ಚೀಟಿ ಬಿಸಾಕ್ಬೇಡಿ. ಲೈಫ್ ಜಾಕೆಟ್ ಕೊಟ್ರೆ ಹಾಕ್ಕೊಳ್ಳಿ, ಕೊಡ್ಲಿಲ್ಲ ಅಂದ್ರೆ ಕೇಳಿ ಇಸ್ಕೊಳ್ಳಿ. 2024ರ ಡಿಸೆಂಬರ್‌ನಲ್ಲಿ ಇದೇ ದಾರಿಲಿ ನೌಕಾಪಡೆಯ ಸ್ಪೀಡ್‌ಬೋಟ್ ಗುದ್ದಿ ಬೋಟ್ ಮುಳುಗಿ ಜನ ಸತ್ರು, ಸೆಖೆ, ವಾಸನೆ ಅಂತ ಪಕ್ಕಕ್ಕಿಡೋ ವಿಷಯ ಅಲ್ಲ. ದಡದಿಂದ ಮೆಟ್ಟಿಲ ಬುಡಕ್ಕೆ ಪುಟಾಣಿ ರೈಲಿದೆ. ಮೆಟ್ಟಿಲು ನೂರಾ ಇಪ್ಪತ್ತರ ಹತ್ತಿರ, ಎರಡೂ ಕಡೆ ಅಂಗಡಿ ಸಾಲು, ಹತ್ತುತ್ತಾ ವ್ಯಾಪಾರ ಮಾಡ್ಬೇಡಿ, ಇಳಿಯೋವಾಗ ಅದೇ ಸರ ಕಮ್ಮಿಗೆ ಕೊಡ್ತಾರೆ. ತಂದೆಯವರಿಗೆ ಡೋಲಿ ಸಿಗುತ್ತೆ, ರೇಟು ಹತ್ತೋಕೆ ಮುಂಚೆನೇ ಮಾತಾಡಿ, ಹೋಗಿ ಬರೋದು ಸೇರ್ಸಿ. ಗುಹೆ ಟಿಕೆಟ್ 40 ರೂಪಾಯಿ. ಕೋತಿಗಳು ನೀರಿನ ಬಾಟಲ್ ಕಿತ್ಕೊಂಡು ತಾವೇ ಮುಚ್ಚಳ ತೆಗೆದು ಕುಡೀತಾವೆ, ಕೈಲಿ ಏನೂ ಹಿಡೀಬೇಡಿ.

ಒಂದನೇ ಗುಹೆ ನೋಡಿದ್ರೆ ಸಾಕು, ಉಳಿದವು ಬಿಟ್ರೂ ನಷ್ಟ ಇಲ್ಲ. ಆದ್ರೆ ಆ ಒಂದನ್ನ ನೋಡೋ ಥರ ನೋಡಿ. ಬಿಸಿಲಿಂದ ಒಳಗೆ ಹೋದ ತಕ್ಷಣ ಏನೂ ಕಾಣಲ್ಲ, ಜನ ಒಂದು ಸೆಲ್ಫಿ ತಗೊಂಡು ಹೊರಟುಬಿಡ್ತಾರೆ. ಐದು ನಿಮಿಷ ಕಂಬಕ್ಕೆ ಒರಗಿ ನಿಂತ್ಕೊಳ್ಳಿ, ಕಣ್ಣು ಒಗ್ಗಿದ್ಮೇಲೆ ಹಿಂದಿನ ಗೋಡೆಯಲ್ಲಿ ಮೂರು ಮುಖದ ಸದಾಶಿವ ಮೂಡಿ ಬರ್ತಾನೆ, ಐದೂವರೆ ಮೀಟರ್ ಎತ್ತರ. ನಮ್ಮ ಎಡಕ್ಕಿರೋ ಮುಖ ಅಘೋರ, ಶಿವನ ಉಗ್ರ ರೂಪ, ಮೀಸೆ, ಹುಬ್ಬು ಗಂಟು, ಕೈಲಿ ಹಾವು. ಬಲಕ್ಕಿರೋದು ಹೆಣ್ಣಿನ ಥರ ಸೌಮ್ಯ, ಕೈಲಿ ಕಮಲ. ನಡುವಿನದಕ್ಕೆ ಯಾವ ಭಾವನೂ ಇಲ್ಲ. ಅದರ ಪಕ್ಕಕ್ಕೇ ಅರ್ಧನಾರೀಶ್ವರ ಒಂದು ಕಡೆ, ಗಂಗಾಧರ ಇನ್ನೊಂದು ಕಡೆ. ನೀವು ಬಾದಾಮಿ ಕಡೆಯವರು, ಅಲ್ಲಿಯ ಒಂದನೇ ಗುಹೆಯ ನಟರಾಜ ನೋಡಿರೋ ಕಣ್ಣಿಗೆ ಇದೂ ಸುಮಾರು ಅದೇ ಶತಮಾನದ್ದು ಅಂತ ಹೇಳ್ಕೊಡ್ಬೇಕಾಗಿಲ್ಲ, ತಂದೆಯವರೇ ನಿಮಗೆ ವಿವರಿಸ್ತಾರೆ. ಗೈಡಿಗೆ ಕೊಡೋ ದುಡ್ಡಲ್ಲಿ ವಾಪಸ್ ಬಂದು ಊಟ ಮಾಡಿ.

ಊಟ ಅಂದ್ರೆ ಮಾಟುಂಗಾ. ಸೆಂಟ್ರಲ್ ಲೈನಿನ ಮಾಟುಂಗಾ ಸ್ಟೇಷನ್, ಮಾಟುಂಗಾ ರೋಡ್ ಅಲ್ಲ, ಅದು ವೆಸ್ಟರ್ನ್. ಸ್ಟೇಷನ್ ಎದುರಿಗೇ ರಾಮಾ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್, 1942ರದ್ದು, ಬಾಳೆಲೆ ಊಟ. ಎರಡು ದಿನ ಪಾವ್ ಭಾಜಿ ತಿಂದ ಹೊಟ್ಟೆಗೆ ಆ ಸಾರು ಔಷಧಿ ಸರ್. ಇಲ್ಲೂ ಸೋಮವಾರ ರಜಾ, ಮಂಗಳವಾರಕ್ಕೇ ಇಟ್ಕೊಳ್ಳಿ, ಎರಡು ಗಂಟೆ ದಾಟಿಸ್ಬೇಡಿ. ತಿಂಡಿಗೆ ಕೆಫೆ ಮದ್ರಾಸಿಗಿಂತ ರಾಮ್ ಆಶ್ರಯ ನನಗೆ ಇಷ್ಟ, ಬೇರೆಯವರು ಜಗಳಕ್ಕೆ ಬರ್ತಾರೆ ಬರ್ಲಿ. ಕನ್ನಡ ಮಾತಾಡಿ ನೋಡಿ, ಉತ್ತರ ಬರುತ್ತೆ. ಕನ್ನಡಿಗರ ಸಂಘ ಮೈಸೂರು ಅಸೋಸಿಯೇಷನ್ನೂ ಅದೇ ಏರಿಯಾದಲ್ಲಿ, 1926ರಿಂದ ಇದೆ, ಸಂಜೆ ನಾಟಕ ಗೀಟಕ ಇದ್ರೆ ನಿಮ್ಮ ಅದೃಷ್ಟ.

ಸಮುದ್ರದ ಮೇಲಿನ ಸೇತುವೆ ಅಟಲ್ ಸೇತು ತೋರಿಸ್ಬೇಕು ಅಂದಿದೀರ, ಅದರ ಮೇಲೆ ಗಾಡಿ ನಿಲ್ಲಿಸಂಗಿಲ್ಲ, ಟೋಲ್ ಕಟ್ಟಿ ಸಮುದ್ರ ಕಿಟಕಿಲಿ ನೋಡ್ಕೊಂಡು ಬರೋದಷ್ಟೇ, ಬಿಡಿ. ಅದರ ಬದಲು ಸಂಜೆ ಕತ್ತಲಾದ್ಮೇಲೆ ಸಿಎಸ್ಎಂಟಿ ಎದುರು, ಮಹಾನಗರಪಾಲಿಕೆ ಕಟ್ಟಡದ ಕಡೆ ನಿಂತ್ಕೊಳ್ಳಿ. 1887ರ ಸ್ಟೇಷನ್, ಲೈಟ್ ಹಾಕಿರ್ತಾರೆ, ದುಡ್ಡಿಲ್ಲ ಟಿಕೆಟ್ಟಿಲ್ಲ. ಚಪ್ಪಲಿ ಹಳೇದೇ ಹಾಕ್ಕೊಳ್ಳಿ, ಬಾಟಾನೋ ಪ್ಯಾರಗಾನೋ, ಟ್ರಿಪ್ಪಿಗೆ ಅಂತ ಹೊಸ ಶೂ ತಗೊಂಡು ಅವತ್ತೇ ಕಾಲಿಗೇರಿಸೋರಿಗೆ ಏನ್ ಹೇಳೋದು.

ವಾಪಸ್ ಟ್ರೇನ್ ದಾದರ್‌ನಿಂದಲೇ ಹೊರಡೋದು ಅಂತ ಕೊನೇ ಗಳಿಗೆಗೆ ಹೋಗ್ಬೇಡಿ, ಅಲ್ಲಿನ ಸ್ಟೇಷನ್ ಬ್ರಿಡ್ಜ್ ಸಂಜೆ ದಾಟೋದೇ ಅರ್ಧ ಗಂಟೆ. ವಾಶಿ ರೂಮಿಗೆ ಫ್ರೀ ಕ್ಯಾನ್ಸಲೇಷನ್ ಯಾವತ್ತಿನ ತನಕ ಇದೆ ಅಂತ ಈಗಲೇ ನೋಡಿ ಇಲ್ಲಿ ಹಾಕಿ.