ಕಾರ್ಬನ್ ಕ್ರೆಡಿಟ್: ಸಹಿಗೂ ಮೊದಲು ಲೆಕ್ಕ ಕಲಿಯಬೇಕು

ಉತ್ತರ ಕನ್ನಡದ ಓದುಗರಿಂದ ಕಾರ್ಬನ್ ಕ್ರೆಡಿಟ್ ಬಗ್ಗೆ ಬಂದ ಪ್ರಶ್ನೆಗಳಲ್ಲಿ ನಾಲ್ಕಕ್ಕೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾನು ಕಾರವಾರದಲ್ಲಿ ಬಿ.ಎಸ್ಸಿ. ಓದುತ್ತಿದ್ದೇನೆ. ಕಾರ್ಬನ್ ಆಫ್‌ಸೆಟ್ ಯೋಜನೆ ಅಂದರೆ ಏನು? ಈ ಕೆಲಸ ಮಾಡುವವರು ನಮ್ಮ ದೇಶದಲ್ಲಿ ಇದ್ದಾರಾ, ಹೊರಗಿನವರೇ ಬರಬೇಕಾ?

ಒಂದು ಕಾರ್ಖಾನೆ ತನ್ನ ಹೊಗೆಯನ್ನು ಪೂರ್ತಿ ಇಳಿಸಲಾಗದೆ, ಬೇರೆ ಕಡೆ ಯಾರೋ ಇಳಿಸಿದ್ದಕ್ಕೆ ಅಥವಾ ಮರ ಬೆಳೆಸಿ ಹೀರಿಸಿದ್ದಕ್ಕೆ ಹಣ ಕೊಡುತ್ತದೆ. ಅದೇ ಆಫ್‌ಸೆಟ್. ಒಂದು ಟನ್ ಇಂಗಾಲದ ಡೈಆಕ್ಸೈಡ್‌ಗೆ ಒಂದು ಕ್ರೆಡಿಟ್. ಹೇಳಲು ಇಷ್ಟೇ. ಆದರೆ ಆ ಒಂದು ಟನ್ ನಿಜವಾಗಿ ಇಳಿದಿದೆ ಎಂದು ತೋರಿಸಲು ಯೋಜನೆ ಬರೆಯುವವರು, ಅಳೆಯುವವರು, ತಪಾಸಣೆ ಮಾಡುವವರು, ಒಪ್ಪಿಗೆ ಕೊಡುವ ಸರ್ಕಾರಿ ಕಚೇರಿ, ಲೆಕ್ಕ ಇಡುವ ರಿಜಿಸ್ಟ್ರಿ ಎಲ್ಲವೂ ಬೇಕು. ಒಂದು ಬಡ ದೇಶದಲ್ಲಿ ಇವು ಇವೆಯೋ ಇಲ್ಲವೋ ಅನ್ನುವುದರ ಮೇಲೆಯೇ ಆ ದೇಶಕ್ಕೆ ಹಣ ಬರುತ್ತದೋ ಇಲ್ಲವೋ ತೀರ್ಮಾನವಾಗುತ್ತದೆ.

ಇದಕ್ಕೆ ಪುರಾವೆ ಹಳೆಯ ಕ್ಯೋಟೋ ಒಪ್ಪಂದದ ಕಾಲದಲ್ಲೇ ಸಿಕ್ಕಿದೆ. ಶ್ರೀಮಂತ ದೇಶಗಳು ಹೊಗೆ ಇಳಿಸಬೇಕು, ಬೇಕಿದ್ದರೆ ಬಡ ದೇಶಗಳ ಯೋಜನೆಗಳಿಂದ ಕ್ರೆಡಿಟ್ ಕೊಳ್ಳಬಹುದು ಎಂದ ಅಂತರರಾಷ್ಟ್ರೀಯ ಒಪ್ಪಂದ ಅದು. ಆ ಒಪ್ಪಂದ ಆಗಿದ್ದು 1997ರಲ್ಲಿ, ಜಾರಿಗೆ ಬಂದಿದ್ದು 2005ರಲ್ಲಿ. ಭಾರತ 2003ರಲ್ಲೇ ಪರಿಸರ ಸಚಿವಾಲಯದಲ್ಲಿ ಒಪ್ಪಿಗೆ ಕೊಡುವ ಪ್ರಾಧಿಕಾರವನ್ನು ಮಾಡಿಕೊಂಡಿತ್ತು. ಎಂಜಿನಿಯರುಗಳು, ಸಲಹೆಗಾರರು ಆಗಲೇ ಇದ್ದರು. ಹಾಗಾಗಿ ನೋಂದಾಯಿತ ಯೋಜನೆಗಳ ಸಂಖ್ಯೆಯಲ್ಲಿ ಚೀನಾ ಬಿಟ್ಟರೆ ನಾವೇ. ಇಡೀ ಆಫ್ರಿಕಾ ಖಂಡಕ್ಕೆ ಸಿಕ್ಕಿದ್ದು ನೂರಕ್ಕೆ ಸುಮಾರು ಮೂರು ಮಾತ್ರ. ಅಲ್ಲಿ ಕಾಡಿಗಾಗಲಿ ಬಿಸಿಲಿಗಾಗಲಿ ಕೊರತೆ ಇರಲಿಲ್ಲ. ಕಾಗದ ತಯಾರಿಸಿ, ಅಳತೆ ಮಾಡಿ, ಒಪ್ಪಿಗೆ ಕೊಡುವ ವ್ಯವಸ್ಥೆಯ ಕೊರತೆ ಇತ್ತು. ಅದನ್ನು ತುಂಬಲೆಂದೇ ವಿಶ್ವಸಂಸ್ಥೆ 2006ರಲ್ಲಿ ನೈರೋಬಿಯಲ್ಲಿ ಒಂದು ವಿಶೇಷ ಕಾರ್ಯಕ್ರಮ ಶುರು ಮಾಡಬೇಕಾಯಿತು.

ನಮ್ಮಲ್ಲೂ ಎಲ್ಲ ಸರಿ ಇತ್ತು ಅನ್ನಲಾರೆ. ಹೆಚ್ಚಿನ ಕ್ರೆಡಿಟ್ ಬಂದಿದ್ದು ದೊಡ್ಡ ಕಾರ್ಖಾನೆ ಮತ್ತು ಗಾಳಿ ವಿದ್ಯುತ್ತಿನಿಂದ. ತಪಾಸಣೆಗೆ ಬರುತ್ತಿದ್ದವು ಬಹುತೇಕ ಯುರೋಪಿನ ಕಂಪನಿಗಳು. ಹಳ್ಳಿಯ ಯೋಜನೆಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ಒಂದು ನಮ್ಮ ರಾಜ್ಯದ್ದೇ, ಬಾಗೇಪಲ್ಲಿಯದು. ಅಲ್ಲಿ ಕೂಲಿಕಾರರ ಸಂಘವೇ ಮುಂದೆ ನಿಂತು 5,500 ಮನೆಗಳಿಗೆ ಗೋಬರ್ ಗ್ಯಾಸ್ ಹಾಕಿಸುವ ಯೋಜನೆ ಮಾಡಿ, 2005ರಲ್ಲಿ ನೋಂದಣಿ ಪಡೆಯಿತು. ಅಂದಾಜು ಮಾಡಿದ್ದು ವರ್ಷಕ್ಕೆ ಸುಮಾರು 19,500 ಟನ್, ಅಂದರೆ ಮನೆಗೆ ಮೂರೂವರೆ ಟನ್. ಒಂದೊಂದೇ ಮನೆಯಾಗಿ ಹೋಗಿದ್ದರೆ ತಪಾಸಣೆಯ ಖರ್ಚೂ ಹುಟ್ಟುತ್ತಿರಲಿಲ್ಲ. ಸಂಘ ಇತ್ತು, ಹಾಗಾಗಿ ಆಯಿತು.

ಈಗ ನಮ್ಮದೇ ಮಾರುಕಟ್ಟೆ ಬರುತ್ತಿದೆ. 2022ರಲ್ಲಿ ಇಂಧನ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿ ಆಯಿತು, 2023ರಲ್ಲಿ ಕಾರ್ಬನ್ ಕ್ರೆಡಿಟ್ ವ್ಯಾಪಾರ ಯೋಜನೆ ಪ್ರಕಟವಾಯಿತು. ಆಡಳಿತ ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೋದ್ದು, ರಿಜಿಸ್ಟ್ರಿ ದೇಶದ ವಿದ್ಯುತ್ ಜಾಲ ನೋಡಿಕೊಳ್ಳುವ ಗ್ರಿಡ್ ಕಂಟ್ರೋಲರ್ ಆಫ್ ಇಂಡಿಯಾದ್ದು. ತಪಾಸಣೆಗೆ ದೇಶದಲ್ಲೇ ಮಾನ್ಯತೆ ಪಡೆದ ಸಂಸ್ಥೆಗಳು ಬೇಕು. ದೆಹಲಿಯಲ್ಲಿ ಚೌಕಟ್ಟು ನಿಂತಿದೆ. ತಾಲ್ಲೂಕು ಮಟ್ಟದಲ್ಲಿ ಕೆಲಸ ಬಲ್ಲವರು ತುಂಬಾ ಕಡಿಮೆ. ನನಗೆ ಚಿಂತೆ ಇರುವುದು ಅಲ್ಲಿಯೇ.

ನೀವು ವಿಜ್ಞಾನದ ವಿದ್ಯಾರ್ಥಿ, ಒಂದು ಸಣ್ಣ ಲೆಕ್ಕ ನೋಡಿ. ಮರದ ಸುತ್ತಳತೆಯನ್ನು ಎದೆಮಟ್ಟದಲ್ಲಿ, ನೆಲದಿಂದ 1.37 ಮೀಟರ್ ಎತ್ತರದಲ್ಲಿ ತೆಗೆಯುತ್ತಾರೆ. ಅದರಿಂದ ಸೂತ್ರ ಹಾಕಿ ಒಣತೂಕ ಅಂದಾಜು ಮಾಡುತ್ತಾರೆ. ಒಣತೂಕ 100 ಕಿಲೋ ಬಂದರೆ ಸುಮಾರು 47 ಕಿಲೋ ಇಂಗಾಲ. ಅದನ್ನು 44/12ರಿಂದ ಗುಣಿಸಿದರೆ 172 ಕಿಲೋ ಡೈಆಕ್ಸೈಡ್. ಅಂಥ ಆರು ಮರ ಸೇರಿದರೆ ಒಂದು ಟನ್ ಆಗುತ್ತದೆ. ಆದರೆ ಮತ್ತಿ, ಹೊನ್ನೆ, ಕಿಂದಳ, ಜಂಬೆ ಎಲ್ಲದರ ಕಟ್ಟಿಗೆ ಒಂದೇ ಗಟ್ಟಿ ಅಲ್ಲ, ಅಲ್ವಾ? ಜಾತಿ ತಪ್ಪಿದರೆ ಲೆಕ್ಕವೂ ತಪ್ಪುತ್ತದೆ. ತೊಗಟೆ ನೋಡಿ ಮರ ಗುರುತಿಸುವವರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಅವರ ಜತೆ ನಿಂತು ಅಳತೆ, ಸಂಖ್ಯಾಶಾಸ್ತ್ರ, ಉಪಗ್ರಹ ನಕ್ಷೆ ಕಲಿತ ಹುಡುಗ ಹುಡುಗಿಯರು ಬೇಕು. ಶಿರಸಿಯಲ್ಲಿ 1985ರಿಂದ ಅರಣ್ಯ ಕಾಲೇಜು ಇದೆ. ಎಂ.ಎಸ್ಸಿ.ಗೆ ಯೋಚಿಸುತ್ತಿದ್ದರೆ ಅಲ್ಲಿ ಒಮ್ಮೆ ವಿಚಾರಿಸಿ. ಜತೆಗೆ ಪಹಣಿ ಮತ್ತು ಅರಣ್ಯ ದಾಖಲೆ ಓದುವುದನ್ನೂ ಕಲಿಯಿರಿ. ಜಾಗ ಯಾರದ್ದು ಅನ್ನುವುದು ಗೊತ್ತಿಲ್ಲದೆ ಯಾವ ಯೋಜನೆಯೂ ನಿಲ್ಲುವುದಿಲ್ಲ. ಮುಂದಿನ ಪ್ರಶ್ನೆ ಅದರದ್ದೇ.

ಪ್ರಶ್ನೆ: ನಮ್ಮದು ಶಿರಸಿ ಹತ್ತಿರ ಅಡಿಕೆ ತೋಟ. ಸೊಪ್ಪಿನಬೆಟ್ಟದ ಮರಗಳಿಗೆ ಕಾರ್ಬನ್ ದುಡ್ಡು ಕೊಡಿಸುತ್ತೇವೆ ಅಂತ ಒಬ್ಬರು 30 ವರ್ಷದ ಕರಾರು ಪತ್ರ ತಂದಿದ್ದಾರೆ. ಇಂಗ್ಲಿಷಿನಲ್ಲಿದೆ. ಸಹಿ ಹಾಕಬಹುದಾ?

ದಯವಿಟ್ಟು ಈಗ ಹಾಕಬೇಡಿ.

ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ ಬಿಟ್ಟುಕೊಟ್ಟ ಪದ್ಧತಿ ನಮ್ಮ ಜಿಲ್ಲೆಯದು. ಆದರೆ ಅಲ್ಲಿ ನಿಮಗಿರುವುದು ಸೊಪ್ಪು, ದರಕು (ಉದುರಿದ ಒಣ ಎಲೆ) ತೆಗೆಯುವ ಸೌಲಭ್ಯ. ನೆಲ ಅರಣ್ಯದ್ದು. ನಿಮ್ಮದಲ್ಲದ ಮರದ ಕಾರ್ಬನ್ನನ್ನು ನೀವು ಮಾರಲು ಆಗುವುದಿಲ್ಲ. ನಾಳೆ ತಕರಾರು ಬಂದರೆ ಪತ್ರದಲ್ಲಿರುವ ಹೆಸರು ನಿಮ್ಮದು. ಆ ಮನುಷ್ಯ ಇನ್ನೊಂದು ಊರಿನಲ್ಲಿರುತ್ತಾನೆ.

ಎರಡನೆಯದು, ಈ ದುಡ್ಡು ಬರದಿದ್ದರೆ ಈ ಕೆಲಸ ಆಗುತ್ತಲೇ ಇರಲಿಲ್ಲ ಎಂದು ತೋರಿಸಬೇಕು. ಇದು ಕ್ರೆಡಿಟ್‌ನ ಮೂಲ ನಿಯಮ. ಅಜ್ಜನ ಕಾಲದಿಂದ ನಿಂತಿರುವ ಮರಕ್ಕೆ ಸುಮ್ನೆ ಕ್ರೆಡಿಟ್ ಬರುವುದಿಲ್ಲ. ಬೋಳಾದ ಬೆಟ್ಟದಲ್ಲಿ ಹೊಸದಾಗಿ ಬೆಳೆಸಿದ್ದಕ್ಕೆ ಬರಬಹುದು. ಅದಕ್ಕೂ ಅರಣ್ಯ ಇಲಾಖೆ ಮತ್ತು ಗ್ರಾಮ ಅರಣ್ಯ ಸಮಿತಿ ಜತೆಗಿರಬೇಕು.

ಬೆಲೆಯ ಮಾತೂ ಇದೆ. ಕ್ಯೋಟೋ ಕ್ರೆಡಿಟ್ 2008ರಲ್ಲಿ 20 ಯೂರೊ ದಾಟಿತ್ತು. 2012 ಮುಗಿಯುವ ಹೊತ್ತಿಗೆ ಒಂದು ಯೂರೊಗಿಂತ ಕೆಳಗೆ ಬಿತ್ತು. ಅಡಿಕೆ ಧಾರಣೆಯ ಏರಿಳಿತ ಕಂಡ ನಿಮಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ. ಆದರೆ ಅಡಿಕೆ ಬೇಡವೆಂದರೆ ಬೇರೆ ಬೆಳೆಗೆ ಹೋಗಬಹುದು. 30 ವರ್ಷದ ಕರಾರಿನಿಂದ ಹೊರಬರುವುದು ಅಷ್ಟು ಸುಲಭವಲ್ಲ.

ಪತ್ರವನ್ನು ಕನ್ನಡದಲ್ಲಿ ಕೇಳಿ. ಅಳತೆ, ತಪಾಸಣೆ, ನೋಂದಣಿಯ ಖರ್ಚು ಕಳೆದ ಮೇಲೆ ಎಕರೆಗೆ ಎಷ್ಟು ಉಳಿಯುತ್ತದೆ ಎಂದು ಬರೆದುಕೊಡಲಿ. ಬೆಂಕಿ ಬಿದ್ದರೆ, ಗಾಳಿಗೆ ಮರ ಉರುಳಿದರೆ ನಷ್ಟ ಯಾರದ್ದು? ದರಕು ಗುಡಿಸುವುದಕ್ಕೆ ಅಡ್ಡಿ ಇದೆಯಾ? ಇದಿಷ್ಟಕ್ಕೆ ಉತ್ತರ ಇಲ್ಲದ ಪತ್ರ ವಾಪಸು ಕೊಡಿ.

ನನಗೆ ಅನ್ನಿಸುವುದು ಇದು. ಅಡಿಕೆ ಮಾರಲು ನೂರು ವರ್ಷದ ಹಿಂದೆಯೇ ಸಹಕಾರಿ ಸಂಘ ಕಟ್ಟಿದ ಸೀಮೆ ನಮ್ಮದು. ಕಾರ್ಬನ್ ವಿಷಯದಲ್ಲಿ ಮಾತ್ರ ಒಬ್ಬೊಬ್ಬರೇ ಯಾಕೆ ದಲ್ಲಾಳಿ ಎದುರು ಕೂರಬೇಕು? ಸಂಘವೇ ಒಬ್ಬ ಅರಣ್ಯ ಪದವೀಧರ, ಒಬ್ಬ ವಕೀಲರನ್ನು ಇಟ್ಟುಕೊಳ್ಳಲಿ. ಮಾಲ್ಕಿ ಜಮೀನಿನಲ್ಲಿ ಹೊಸದಾಗಿ ಮರ ಬೆಳೆಸುವವರನ್ನು ಒಟ್ಟು ಸೇರಿಸಿ ಶುರು ಮಾಡಲಿ. ದೇಶಕ್ಕೆ ಸಾಮರ್ಥ್ಯ ಬರುವುದು ಇಂಥ ಕಡೆಯಿಂದ.

ಪ್ರಶ್ನೆ: ಸಿದ್ದಾಪುರದಲ್ಲಿ ನಮ್ಮ ಮನೆಗೆ 20 ವರ್ಷದಿಂದ ಗೋಬರ್ ಗ್ಯಾಸ್ ಇದೆ. ಕ್ರೆಡಿಟ್ ಸಿಗುತ್ತಾ?

ಇಲ್ಲ. ಮೇಲೆ ಹೇಳಿದ ನಿಯಮವೇ ಕಾರಣ. ಇದು ಅನ್ಯಾಯ ಅನ್ನಿಸುವುದು ಸಹಜ, ಮೊದಲೇ ಒಳ್ಳೆಯ ಕೆಲಸ ಮಾಡಿದವರಿಗೆ ಏನೂ ಇಲ್ಲ. ಹಾಳಾಗಿ ನಿಂತ ಹಳೆಯ ಗುಂಡಿಗಳನ್ನು ಒಂದು ಊರಿನವರು ಸೇರಿ ದುರಸ್ತಿ ಮಾಡುವ ಯೋಜನೆಗೆ ಅವಕಾಶ ಇರಬಹುದು, ಅದನ್ನು ಬಲ್ಲವರಿಂದ ಪರಿಶೀಲಿಸಿ. 2023ರಲ್ಲಿ ಬಂದ ಗ್ರೀನ್ ಕ್ರೆಡಿಟ್, ಗಿಡ ನೆಡುವಂಥ ಪರಿಸರ ಕೆಲಸಕ್ಕೆ ಕೊಡುವಂಥದ್ದು, ಬೇರೆಯೇ ಕಾರ್ಯಕ್ರಮ, ಇದರ ಜತೆ ಕಲಸಬೇಡಿ.

ಪ್ರಶ್ನೆ: ನಾವು ಕುಮಟಾ ಕಡೆ ಅಘನಾಶಿನಿ ಅಳಿವೆಯಲ್ಲಿ ಬಳಚು (ಕೆಸರಿನ ಚಿಪ್ಪುಜೀವಿ) ತೆಗೆಯುವವರು. ಕಾರ್ಬನ್ ಯೋಜನೆಗೆ ಕಾಂಡ್ಲಾ (ಮ್ಯಾಂಗ್ರೋವ್) ನೆಡುತ್ತಾರಂತೆ. ನಮ್ಮ ಜಾಗ ಹೋಗುತ್ತದಾ?

ನಿಮ್ಮ ಹೆದರಿಕೆಗೆ ಕಾರಣ ಇದೆ. ದೇಶದ ಆಫ್‌ಸೆಟ್ ವ್ಯವಸ್ಥೆಗೆ 2025ರಲ್ಲಿ ಒಪ್ಪಿದ ವಿಧಾನಗಳಲ್ಲಿ ಕಾಂಡ್ಲಾ ಬೆಳೆಸುವುದೂ ಸೇರಿದೆ. ಈಗಿರುವ ಕಾಂಡ್ಲಾಗೆ ಕರಾವಳಿ ನಿಯಂತ್ರಣ ಕಾನೂನಿನ ರಕ್ಷಣೆ ಇದೆ. ಹಾಗಾಗಿ ಕ್ರೆಡಿಟ್ ಬೇಕೆಂದರೆ ಹೊಸ ಜಾಗ ಹುಡುಕುತ್ತಾರೆ. ಖಾಲಿ ಕಾಣುವ ಕೆಸರು ಬಯಲಿನ ಮೇಲೆ ಅವರ ಕಣ್ಣು ಬೀಳುತ್ತದೆ. ಅದು ಖಾಲಿ ಅಲ್ಲ, ನಿಮ್ಮ ಬಳಚು ಇರುವುದು ಅಲ್ಲೇ.

ಗಿಡದ ದೃಷ್ಟಿಯಿಂದಲೂ ಅದು ಸರಿಯಾದ ಜಾಗವಲ್ಲ. ಬಹಳ ಹೊತ್ತು ನೀರಿನಡಿ ಇರುವ ತಗ್ಗು ಕೆಸರಿನಲ್ಲಿ ನೆಟ್ಟ ಕಾಂಡ್ಲಾ ಎಷ್ಟೋ ದೇಶಗಳಲ್ಲಿ ಸಾಮೂಹಿಕವಾಗಿ ಸತ್ತಿದೆ. ಕಟ್ಟೆ ಒಡೆದು ಪಾಳು ಬಿದ್ದ ಗಜನಿಗಳಲ್ಲಿ (ಉಪ್ಪುನೀರು ಬರುವ ಅಳಿವೆಯ ಗದ್ದೆಗಳಲ್ಲಿ), ಉಬ್ಬರದ ನೀರು ಬಂದು ಹೋಗುವ ದಡದ ಅಂಚಿನಲ್ಲಿ ಅದು ಚೆನ್ನಾಗಿ ಬರುತ್ತದೆ. ಗಜನಿ ಕಟ್ಟೆಗೂ ಆಸರೆ, ಮೀನು ಸಿಗಡಿ ಮರಿಗಳಿಗೂ ಆಸರೆ. ನಾನು ಕಾಂಡ್ಲಾ ಪರವಾಗಿಯೇ ಇದ್ದೇನೆ. ಎಲ್ಲಿ ನೆಡಬೇಕು ಅನ್ನುವುದನ್ನು ಮಾತ್ರ ಭರತ ಇಳಿತ ಬಲ್ಲ ನಿಮ್ಮನ್ನು ಕೇಳಿಯೇ ತೀರ್ಮಾನಿಸಬೇಕು.

ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದೆ, ಅಂದರೆ ಜೌಗು ಪ್ರದೇಶಗಳ ರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ. ಜೌಗು ಪ್ರದೇಶವನ್ನು ಜನ ಹಿತಮಿತವಾಗಿ ಬಳಸುವುದೂ ಆ ಒಪ್ಪಂದದ ಭಾಗ. ಇದನ್ನು ಅಧಿಕಾರಿಗಳ ಎದುರು ಹೇಳಿ. ಈಗಲೇ ಬಳಚಿನ ಜಾಗಗಳ ನಕ್ಷೆ ಬರೆದಿಡಿ. ಯಾವ ತಿಂಗಳು ಎಲ್ಲಿ ತೆಗೆಯುತ್ತೀರಿ ಎಂದೂ ಗುರುತು ಮಾಡಿ, ಗ್ರಾಮ ಪಂಚಾಯ್ತಿಗೆ ಒಂದು ಪ್ರತಿ ಕೊಟ್ಟು ಸ್ವೀಕೃತಿ ಪಡೆಯಿರಿ. ಆಫ್‌ಸೆಟ್ ಯೋಜನೆಗೆ ಸ್ಥಳೀಯರ ಸಭೆಯ ದಾಖಲೆ ಕೇಳುತ್ತಾರೆ. ಆ ಸಭೆಗೆ ಗಂಡಸರು, ಹೆಂಗಸರು ಎಲ್ಲರೂ ಹೋಗಿ. ಹಾಜರಿ ಪುಸ್ತಕದ ಸಹಿಯನ್ನೇ ಒಪ್ಪಿಗೆ ಎಂದು ತೋರಿಸುವ ಸಾಧ್ಯತೆ ಇದೆ. ಆದ್ದರಿಂದ ಸಹಿಯ ಪಕ್ಕದಲ್ಲೇ ‘ಹಾಜರಿ ಮಾತ್ರ, ಒಪ್ಪಿಗೆ ಅಲ್ಲ’ ಎಂದು ಬರೆಯಿರಿ. ನಡಾವಳಿಯ ಕನ್ನಡ ಪ್ರತಿಯನ್ನು ಅಲ್ಲೇ ಕೇಳಿ ಪಡೆಯಿರಿ.