ಕಲಬುರಗಿಯ ಬಿಸಿಲಿಗೂ ಬೀದರ್‌ನ ಚಳಿಗೂ ಒಂದೇ ಸಣ್ಣ ಟ್ರೇಲರ್ ಸಾಕೇ?

ಇಬ್ಬರು ಮಲಗುವಷ್ಟು ಜಾಗವಿರುವ ಹತ್ತು ಅಡಿಯ ಟ್ರೇಲರ್ ಮಾಡಿಸಿ, ಕಾರಿನ ಹಿಂದೆ ಕಟ್ಟಿಕೊಂಡು ಮೇ ತಿಂಗಳಿನಲ್ಲಿ ಕಲಬುರಗಿ ಸೀಮೆಯಲ್ಲಿ, ಡಿಸೆಂಬರಿನಲ್ಲಿ ಬೀದರ್‌ನಲ್ಲಿ, ಮುಂದೊಮ್ಮೆ ಲಡಾಖ್‌ನಲ್ಲಿ ತಂಗಬಹುದೇ, ಎಷ್ಟು ಟನ್ನಿನ ಎ.ಸಿ. ಬೇಕು ಎಂದು ತಾವು ಕೇಳಿದ್ದೀರಿ. ನಾನು ಕಲಬುರಗಿಯವನು; ಇಂಥದೇ ಒಂದನ್ನು ಇಲ್ಲಿನ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿ ಮೂರು ವರ್ಷ ಬಳಸಿದ್ದೇನೆ. ಮೊದಲೆರಡು ಕಡೆ ಧಾರಾಳವಾಗಿ ತಂಗಬಹುದು. ಆದರೆ ಎ.ಸಿ.ಯ ಮಾತು ಆಮೇಲಿರಲಿ, ಚೌಕಟ್ಟಿನ ಯೋಚನೆ ಮೊದಲು ಮಾಡಿರಿ.

ನನ್ನ ಟ್ರೇಲರಿನದು ಕಬ್ಬಿಣದ ಚೌಕ ಪೈಪಿನ ಚೌಕಟ್ಟು. ಪೈಪುಗಳ ನಡುವೆ ಥರ್ಮಾಕೋಲ್ ತುಂಬಿಸಿ, ಹೊರಗೆ ಅಲ್ಯೂಮಿನಿಯಂ ತಗಡು, ಒಳಗೆ ಪ್ಲೈವುಡ್ ಬಡಿಸಿದ್ದೆ. ಮೊದಲ ಬೇಸಿಗೆಯ ಮಧ್ಯಾಹ್ನ ಒಳಗೋಡೆಯನ್ನು ಮುಟ್ಟಿದರೆ ಥರ್ಮಾಕೋಲ್ ಇದ್ದಲ್ಲಿ ಬೆಚ್ಚಗಿತ್ತು, ಪೈಪ್ ಹಾದುಹೋದಲ್ಲಿ ಕೈ ಇಡಲಾಗದಷ್ಟು ಬಿಸಿಯಿತ್ತು. ಅದೇ ವರ್ಷ ಡಿಸೆಂಬರಿನಲ್ಲಿ ಬೀದರ್‌ನಲ್ಲಿ ತಂಗಿದಾಗ, ಬೆಳಗಿನ ಜಾವ ಅದೇ ಪೈಪುಗಳ ಗುಂಟ ನೀರಿನ ಹನಿಗಳು ಸಾಲುಗಟ್ಟಿದ್ದವು. ಟ್ರೇಲರಿನ ಎಲುಬುಗೂಡನ್ನು ಯಾರೋ ಗೋಡೆಯ ಮೇಲೆ ಬರೆದಂತಿತ್ತು. ಬಿಸಿಲು ಒಳಗೆ ಬಂದ ದಾರಿಯಲ್ಲೇ ಚಳಿಯೂ ಬಂದಿತ್ತು. ಆಮೇಲೆ ಪ್ಲೈವುಡ್ ಕೀಳಿಸಿ, ಎ.ಸಿ. ಪೈಪುಗಳಿಗೆ ಸುತ್ತುವ ಕರಿಯ ರಬ್ಬರ್ ಫೋಮನ್ನು ಪ್ರತಿ ಪೈಪಿನ ಮೇಲೂ ಅಂಟಿಸಿದ ಮೇಲೆ ಎರಡೂ ತೊಂದರೆಗಳು ಬಹುಮಟ್ಟಿಗೆ ನಿಂತವು. ಹೊಸದಾಗಿ ಮಾಡಿಸುವ ತಮಗೆ ಈ ಕೆಲಸ ಮೊದಲೇ ಮಾಡಿಸಿಕೊಳ್ಳುವ ಅನುಕೂಲವಿದೆ.

ಛಾವಣಿಯೂ ಅಷ್ಟೇ ಮುಖ್ಯ. ಮೇ ಎರಡನೆಯ ವಾರದ ಸುಮಾರಿಗೆ ಕಲಬುರಗಿಯಲ್ಲಿ ನಡುಹಗಲಿನ ಸೂರ್ಯ ನೇರ ನೆತ್ತಿಯ ಮೇಲಿರುತ್ತಾನಾದ್ದರಿಂದ ಗೋಡೆಗಳಿಗಿಂತ ಛಾವಣಿಯೇ ಹೆಚ್ಚು ಕಾಯುತ್ತದೆ. ಅದಕ್ಕೆ ಬಿಳಿ ಬಣ್ಣ ಬಳಿಸಿ, ಮೇಲೆ ನಾಲ್ಕು ಬೆರಳಿನಷ್ಟು ಗಾಳಿಯಾಡುವ ಸಂದು ಬಿಟ್ಟು ತಾಡಪತ್ರಿ ಕಟ್ಟಿರಿ. ತಾಡಪತ್ರಿಯನ್ನು ತಗಡಿಗೆ ತಾಗಿಸಿ ಹೊದಿಸಿದರೆ ಪ್ರಯೋಜನ ಕಡಿಮೆ. ಬೇವಿನ ಮರ ಸಿಕ್ಕಿದರೆ ಅದರ ಮುಂದೆ ಇದ್ಯಾವುದೂ ಇಲ್ಲ. ಸಂಜೆಯಾದೊಡನೆ ಎರಡೂ ಬದಿಯ ಕಿಟಕಿಗಳನ್ನು ತೆರೆಯಿರಿ, ಏಕೆಂದರೆ ಹಗಲಿನ ಶಾಖವನ್ನು ಹೊರಗೆ ತಡೆದ ಥರ್ಮಾಕೋಲೇ ರಾತ್ರಿ ಅದನ್ನು ಒಳಗೆ ಹಿಡಿದಿಡುತ್ತದೆ.

ಇನ್ನು ಎ.ಸಿ. ಒಂದು ಟನ್ನಿನದು ಓಡುವಾಗ ಸಾವಿರ ವ್ಯಾಟಿಗೂ ಹೆಚ್ಚು ಎಳೆಯುತ್ತದೆ. 12 ವೋಲ್ಟ್, 150 ಆಂಪಿಯರ್-ಅವರ್‌ನ ಸೀಸದ ಬ್ಯಾಟರಿಯನ್ನು ಹಾಳಾಗದಂತೆ ಅರ್ಧದಷ್ಟೇ ಬಳಸಿದರೆ ಸಿಗುವುದು 900 ವ್ಯಾಟ್-ಅವರ್. ಅಂದರೆ ಒಂದು ಗಂಟೆಯೂ ಬಾರದು. 150 ವ್ಯಾಟಿನ ಕೂಲರ್ ಅದೇ ಬ್ಯಾಟರಿಯಲ್ಲಿ ಐದಾರು ಗಂಟೆ ನಡೆಯುತ್ತದೆ, ನಮ್ಮ ಏಪ್ರಿಲ್-ಮೇ ತಿಂಗಳ ಒಣಗಾಳಿಗೆ ಅದು ಹೇಳಿ ಮಾಡಿಸಿದಂತಿದೆ. ಕೂಲರಿನ ಎದುರು ಬದಿಯ ಕಿಟಕಿ ತೆರೆದಿರಲೇಬೇಕು, ಇಲ್ಲವಾದರೆ ಒಳಗೆಲ್ಲ ಜಿಗುಟು ಸೆಕೆ. ಮಳೆ ಹಿಡಿದ ಮೇಲೆ ಕೂಲರ್ ಕೆಲಸಕ್ಕೆ ಬಾರದು. ಆದರೆ ಆಗ ಬಿಸಿಲೂ ಅಷ್ಟಿರುವುದಿಲ್ಲ.

ಬೀದರ್ ಕಲಬುರಗಿಗಿಂತ ಎತ್ತರದಲ್ಲಿದ್ದು, ಚಳಿಗಾಲದಲ್ಲಿ ಕೆಲವು ರಾತ್ರಿ ಉಷ್ಣಾಂಶ 10 ಡಿಗ್ರಿಗಿಂತ ಕೆಳಗಿಳಿಯುತ್ತದೆ. ಎರಡು ರಗ್ಗು ಹೊದ್ದರೆ ಆ ಚಳಿ ಲೆಕ್ಕಕ್ಕಿಲ್ಲ. ಕಾಡುವುದು ನಮ್ಮದೇ ಉಸಿರಿನ ತೇವ. ಚಳಿಯೆಂದು ಎಲ್ಲ ಸಂದುಗಳನ್ನೂ ಮುಚ್ಚಿದ ರಾತ್ರಿಯೇ ನನ್ನ ಹಾಸಿಗೆಯ ಅಡಿ ಒದ್ದೆಯಾಗಿತ್ತು. ಮೇಲೊಂದು, ಕೆಳಗೊಂದು ಗಾಳಿಕಿಂಡಿ ಸದಾ ತೆರೆದಿರಲಿ. ಇದ್ದಿಲಿನ ಕೆಂಡವನ್ನಾಗಲಿ, ಗ್ಯಾಸ್ ಒಲೆಯನ್ನಾಗಲಿ ಮೈ ಕಾಯಿಸಿಕೊಳ್ಳಲೆಂದು ಒಳಗೆ ಉರಿಸಿ ಮಲಗಲೇಬಾರದು: ಅದರಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ.

ಲಡಾಖ್‌ನ ಚಳಿಗಾಲದ ಮಾತೇ ಬೇರೆ. ಅಲ್ಲಿ ಪೈಪಿನೊಳಗಿನ ನೀರು ಹೆಪ್ಪುಗಟ್ಟಿ ಹಿಗ್ಗಿ ಪೈಪನ್ನೇ ಸೀಳುತ್ತದೆ, ಸಿಲಿಂಡರಿನಲ್ಲಿರುವ ಬ್ಯೂಟೇನ್ ಸೊನ್ನೆ ಡಿಗ್ರಿಯ ಕೆಳಗೆ ಆವಿಯಾಗದೆ ಒಲೆ ಸೊರಗುತ್ತದೆ, ಲಿಥಿಯಂ ಬ್ಯಾಟರಿಯನ್ನು ಆ ಚಳಿಯಲ್ಲಿ ಚಾರ್ಜ್ ಮಾಡಿದರೆ ಅದು ಕೆಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೋಗುವುದಾದರೆ ಹೋಗಿಬನ್ನಿರಿ. ಜನವರಿಯಲ್ಲಾದರೆ ನನ್ನ ಟ್ರೇಲರನ್ನು ನಾನಂತೂ ಅತ್ತ ಎಳೆದೊಯ್ಯಲಾರೆ.